ಗೋಡೆಯ ಆಚೆಗಿನ ಗಾಳಿ

ನಾನು ಏನು ಕೆಲಸ ಮಾಡುತ್ತೇನೆಂದು ಮನಗೂಳಿಯ ಬಸ್ ನಿಲ್ದಾಣದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಬಂದು ಹೋಗಿರುತ್ತದೆ. ಗಣಿ ಅಂದರೆ ‘ಬಳ್ಳಾರಿಯಾಗೇನು?’ ಅನ್ನುತ್ತಾರೆ. ಅಲ್ಲ, ಕಲ್ಲಿದ್ದಲಿನ ಗಣಿ, ಮಹಾರಾಷ್ಟ್ರದ ಆಚೆ ತುದಿಯಲ್ಲಿ, ಅಂದರೆ ‘ಆಫೀಸಿನಾಗ ಕುಂದರ್ತೀರೇನು?’ ಅನ್ನುತ್ತಾರೆ. ಆಫೀಸಲ್ಲ, ನೆಲದೊಳಗೆ ಇಳಿಯುತ್ತೇನೆ ಅಂದ ಕೂಡಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ‘ಹೆಣ್ಮಗಳಾಗಿ?’ ಅನ್ನುತ್ತಾರೆ. ಅಲ್ಲಿಗೆ ನನ್ನ ಪಿತ್ತ ನೆತ್ತಿಗೇರುತ್ತದೆ. ನಮ್ಮ ಬಸವನ ಬಾಗೇವಾಡಿ ತಾಲೂಕಿನಲ್ಲೇ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ. ಕಲ್ಲಿದ್ದಲು ತುಂಬಿದ ರೈಲು ಎಲ್ಲರ ಕಣ್ಣ ಮುಂದೆಯೇ ಹೋಗುತ್ತದೆ. ಅದನ್ನು ಯಾರೋ ಎಲ್ಲೋ ಅಗೆದಿರಬೇಕಲ್ಲ ಅನ್ನುವ ಯೋಚನೆ ಮಾತ್ರ ಒಬ್ಬರಿಗೂ ಬಂದಂತಿಲ್ಲ.

ನನ್ನ ಹುದ್ದೆಗೆ ಓವರ್‌ಮನ್ ಅನ್ನುತ್ತಾರೆ. ಹೆಸರಿನಲ್ಲಿರುವ ಗಂಡಸನ್ನು ತೆಗೆಯಲು ಇನ್ನೂ ಯಾರಿಗೂ ಪುರುಸೊತ್ತಾಗಿಲ್ಲ. ಗಣಿಯ ಒಂದು ಭಾಗದಲ್ಲಿ ಒಂದು ಪಾಳಿಯಲ್ಲಿ ಆಗುವ ಕೆಲಸಕ್ಕೂ ಅಲ್ಲಿ ಕೆಲಸ ಮಾಡುವವರ ಜೀವಕ್ಕೂ ಓವರ್‌ಮನ್ ಹೊಣೆ. ಜಾಗ ಸರಿಯಿಲ್ಲ ಅನ್ನಿಸಿದರೆ ಯಾರನ್ನೂ ಕೇಳದೆ ಎಲ್ಲರನ್ನೂ ಹೊರಗೆ ಕರೆತರುವ ಅಧಿಕಾರ ನನಗಿದೆ. ಆ ಕಾಗದದ ಅಧಿಕಾರವನ್ನು ಬಳಸಿದ ದಿನ ಏನಾಗುತ್ತದೆ ಅನ್ನುವುದು ಬೇರೆ ಮಾತು. ಹೆಂಗಸರು ನೆಲದೊಳಗೆ ಹಗಲಲ್ಲಿ ಮಾತ್ರ ಕೆಲಸ ಮಾಡಬಹುದೆಂದು ಕಾನೂನಿದೆ. ಹಾಗಾಗಿ ನನ್ನದು ಯಾವಾಗಲೂ ಬೆಳಗಿನ ಪಾಳಿ.

ಗಣಿ ಮೊದಲು ಸರ್ಕಾರದ್ದಾಗಿತ್ತು. ಖರ್ಚಿಗೆ ತಕ್ಕ ಕಲ್ಲಿದ್ದಲು ಸಿಗುವುದಿಲ್ಲವೆಂದು ಮುಚ್ಚಿದರು. ಕೆಲವು ವರ್ಷ ಹಾಗೇ ಬಿದ್ದಿತ್ತು. ಆಮೇಲೆ ಒಂದು ಖಾಸಗಿ ಕಂಪನಿ ಅದನ್ನು ಹರಾಜಿನಲ್ಲಿ ಹಿಡಿಯಿತು. ಈಗ ನೆಲದಡಿಯ ಕಲ್ಲಿದ್ದಲು ಸರ್ಕಾರದ್ದು, ತೆಗೆಯುವ ಹಕ್ಕು ಕಂಪನಿಯದು, ತುಂಬುವ ಯಂತ್ರ ಬಾಡಿಗೆಯವನದು, ಕೂಲಿಯವರು ಗುತ್ತಿಗೆದಾರನವರು. ನಾನು ಕಂಪನಿಯ ನೌಕರಳು. ಇಷ್ಟೊಂದು ಜನರ ಪಾಲಿರುವ ಗಣಿಯಲ್ಲಿ ಇದು ನನ್ನದು ಅನ್ನುವ ಮನುಷ್ಯನನ್ನು ನಾನು ಇವತ್ತಿಗೂ ನೋಡಿಲ್ಲ.

ಗುತ್ತಿಗೆದಾರ ಚಾಲಾಕಿ ಮನುಷ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳಲ್ಲಿ ಬಾವಿ ತೋಡಿದವರು, ಆಲಮಟ್ಟಿ ಕಾಲುವೆಗೆ ಕಲ್ಲು ಒಡೆದವರು ಆಳಕ್ಕೆ ಹೆದರುವುದಿಲ್ಲ, ಮರಾಠಿಯೂ ಅಷ್ಟಿಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ ಅಲ್ಲಿಂದ ಒಂದು ಗುಂಪು ಕಟ್ಟಿ, ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿ ಕಳಿಸಿದ. ಅವರ ಮಾತು ತಿಳಿಯುವ ಅಧಿಕಾರಿ ನಾನೊಬ್ಬಳೇ. ಇಡೀ ಗುಂಪನ್ನು ನನ್ನ ಪಾಳಿಗೆ ಹಾಕಿದರು. ಗಣಿಯಲ್ಲಿ ಕನ್ನಡ ಕೇಳಿ ಎಷ್ಟೋ ಕಾಲವಾಗಿತ್ತು, ನನಗೆ ತಡೆಯಲಾರದಷ್ಟು ಖುಷಿಯಾಯಿತು.

ಮೊದಲ ದಿನ ಅವರನ್ನು ಗಣಿಯ ಬಾಯಿಯ ಹತ್ತಿರ ನಿಲ್ಲಿಸಿಕೊಂಡು ‘ಬರ್ರಿ, ಹೆದರಬ್ಯಾಡ್ರಿ’ ಅಂದದ್ದೇ ತಡ, ಎಲ್ಲರ ಮುಖ ಅರಳಿತು. ‘ಅಕ್ಕಾರ, ನಮ್ಮ ಕಡೆಯವ್ರೇನ್ರಿ?’ ಎಂದು ಇಂಡಿಯವನೊಬ್ಬ ಕೇಳಿದ. ಅಷ್ಟರಲ್ಲಿ ಗುಂಪಿನ ಹಿರಿಯ ಮುಂದೆ ಬಂದ. ಸಿಂದಗಿ ತಾಲೂಕಿನವನು, ನನ್ನ ಅಪ್ಪನ ವಯಸ್ಸು, ಎದೆ ಸೆಟೆಸಿ ನಿಲ್ಲುವ, ಮಾತಿಗೆ ಮಾತು ಕೊಡುವ ಆಸಾಮಿ. ಅವನನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಅವನು ಇಳಿಜಾರಿನ ಕತ್ತಲೆಯೊಳಗೆ ಇಣುಕಿ ನೋಡಿ, ನನ್ನ ಕಡೆ ತಿರುಗಿ, ‘ಅದೆಲ್ಲಾ ಖರೆ ಯವ್ವಾ. ಧಣಿ ಎಲ್ಲಿ ಅದಾನ?’ ಅಂದ.

‘ಧಣಿ ಇಲ್ಲಿ ಇರೂದಿಲ್ಲ ಕಾಕಾ. ದೊಡ್ಡ ಶಹರದಾಗ ಇರ್ತಾರ.’

‘ಹಂಗಾರ ಹಗ್ಗ ಯಾರ ಕೈಯಾಗ ಐತಿ?’

ನಮ್ಮವರು ಯಾರೂ ನಗಲಿಲ್ಲ. ತಲೆದೀಪ ಕೊಡುವ ಕೋಣೆಯ ಮರಾಠಿಯವನು ‘ಏನಂತೆ?’ ಎಂದು ನನ್ನನ್ನು ಕೇಳಿದ. ಅವನಿಗೆ ಅದನ್ನು ತಿಳಿಸಿ ಹೇಳಬೇಕಾದರೆ ಹಗೇವಿನಿಂದ ಶುರು ಮಾಡಬೇಕಾಗಿತ್ತು. ನಾನು ಏನೂ ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಹಗೇವು ಅಂದರೆ ಜೋಳ ಇಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಜೋಳ ತುಂಬಿ, ಮೇಲೆ ಹುಲ್ಲು ಹಾಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿಟ್ಟ ಕಾಳು ಒಳಗಿನ ಗಾಳಿಯನ್ನು ಕೆಡಿಸಿರುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವನು ಹತ್ತಿ ಬರುವುದಿಲ್ಲ. ಅದಕ್ಕೇ ಬಾಯಿ ತೆಗೆದು ಒಂದು ದಿನ ಹಾಗೇ ಬಿಡುತ್ತಾರೆ. ಆಮೇಲೆ ಹಚ್ಚಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ. ಉರಿಯುತ್ತಿದ್ದರೆ ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾನೆ. ಆ ಹಗ್ಗದ ಇನ್ನೊಂದು ತುದಿ ಜೋಳದ ಧಣಿಯ ಕೈಯಲ್ಲೇ ಇರಬೇಕು. ಕೂಲಿಯವನ ಕೈಗೆ ಕೊಟ್ಟು ಧಣಿ ಕಟ್ಟೆಗೆ ಹೋಗಿ ಕೂತರೆ ಆಳು ಇಳಿಯುವುದೇ ಇಲ್ಲ. ನಮ್ಮಪ್ಪ ಆಲಮಟ್ಟಿಯಲ್ಲಿ ಕಾಲುವೆ ಕೆಲಸಕ್ಕಿದ್ದ, ಮನೆಯಲ್ಲಿ ಸಿಗುತ್ತಲೇ ಇರಲಿಲ್ಲ. ಹಾಗಾಗಿ ನಮ್ಮ ಹಗೇವಿಗೆ ಅವ್ವನೇ ಧಣಿ. ಒಮ್ಮೆ ಅವಳು ಹಗ್ಗ ಹಿಡಿದು ಕೂತಿದ್ದಾಗ ಬೀಗರು ಬಂದರು. ಅವ್ವ ಏಳಲಿಲ್ಲ. ಕೂತಲ್ಲಿಂದಲೇ ‘ಒಳಗ ನಡೀರಿ, ಆಳು ಕೆಳಗ ಅದಾನ’ ಅಂದಳು. ಬೀಗರು ಮುಖ ದಪ್ಪ ಮಾಡಿಕೊಂಡೇ ಒಳಗೆ ಹೋದರು.

ಈಗ ಹಗೇವುಗಳು ಉಳಿದಿರುವುದು ಕಡಿಮೆ. ಕಾಕಾ ಮಾತ್ರ ಸಿಂದಗಿ, ಇಂಡಿ ಸೀಮೆಯಲ್ಲಿ ಉಳಿದ ಹಗೇವುಗಳಿಗೆಲ್ಲ ಇಳಿದವನು. ಈ ಗಣಿಯೂ ಅವನ ಕಣ್ಣಿಗೆ ಒಂದು ದೊಡ್ಡ ಹಗೇವು. ಅಲ್ಲಿಂದಲೇ ನಮ್ಮಿಬ್ಬರ ಜಗಳ ಶುರುವಾಯಿತು.

ಕೆಲಸ ಕಲಿಸುವುದು ಕಷ್ಟವಾಗಲಿಲ್ಲ. ಕಲ್ಲಿದ್ದಲಿನ ಪದರದಲ್ಲಿ ಓಣಿಗಳನ್ನು ಕೊರೆಯುತ್ತ ಹೋಗುತ್ತೇವೆ. ಓಣಿ ಓಣಿಗಳ ನಡುವೆ ಮೇಲಿನ ಭಾರ ಹೊರಲು ಕಲ್ಲಿದ್ದಲಿನ ದಪ್ಪ ಕಂಬಗಳನ್ನು ಹಾಗೇ ಬಿಡುತ್ತೇವೆ. ನಾವು ಚಾವಣಿ ಅನ್ನುವುದನ್ನು ಅವರು ಮೊದಲ ದಿನದಿಂದಲೇ ‘ಮಾಳಿಗಿ’ ಅಂದರು. ವಾರದೊಳಗೆ ನಾನೂ ಹಾಗೇ ಅನ್ನತೊಡಗಿದೆ. ಕಬ್ಬಿಣದ ಕೋಲಿನಿಂದ ಮಾಳಿಗೆ ತಟ್ಟಿ, ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದರೆ ಹಿಂದೆ ಸರಿದು ಮಾಳಿಗೆಗೆ ಆಸರೆಯಾಗಿ ಊರುಗೋಲು ಕೊಡಬೇಕು ಎಂದು ತೋರಿಸಿದೆ. ಸಂತೆಯಲ್ಲಿ ಗಡಿಗೆ ತಟ್ಟಿ ಕೊಳ್ಳುವ ಜನ, ಅದು ಅವರಿಗೆ ಹೇಳಿಸಿಕೊಳ್ಳುವ ವಿದ್ಯೆಯೇ ಆಗಿರಲಿಲ್ಲ. ತಲೆಗೆ ದೀಪದ ಟೊಪ್ಪಿಗೆ, ಹೊಗೆ ತುಂಬಿದರೆ ಉಸಿರಾಡಲು ಸೊಂಟಕ್ಕೆ ಒಂದು ಡಬ್ಬಿ, ಒಳಗೆ ಹೋಗುವಾಗ ಒಂದು ಬಿಲ್ಲೆ ಇಟ್ಟು ಹೊರಗೆ ಬಂದಾಗ ತೆಗೆದುಕೊಳ್ಳುವುದು, ಎಲ್ಲವನ್ನೂ ಚೊಕ್ಕ ಮಾಡಿದರು. ಬೀಡಿ, ಕಡ್ಡಿಪೆಟ್ಟಿಗೆ ಒಳಗೆ ಒಯ್ಯುವಂತಿಲ್ಲ ಅಂದಾಗ ಗೊಣಗಿದರೂ ಎಲೆ ಅಡಿಕೆಗೆ ಒಗ್ಗಿಕೊಂಡರು.

ಒಗ್ಗದೆ ಉಳಿದದ್ದು ಗಾಳಿಯ ಮಾತು. ಅದನ್ನು ನಾನು ಅವರದೇ ಭಾಷೆಯಲ್ಲಿ ಹೇಳಿದೆ. ‘ಹಗೇದಾಗಿನ ಕೆಟ್ಟ ಗಾಳಿ ತಳದಾಗ ಕುಂತಿರ್ತೈತಿ. ಅದಕ್ಕ ದೀಪಾ ಬಿಟ್ರ ದೀಪಾ ಆರ್ತೈತಿ, ಮನಷ್ಯಾ ಉಳೀತಾನ. ಇಲ್ಲಿ ಇನ್ನೊಂದು ಗಾಳಿ ಐತಿ. ಮಾಳಿಗಿಗೆ ಹತ್ತಗೊಂಡಿರ್ತೈತಿ. ವಾಸನಿ ಇಲ್ಲ, ಬಣ್ಣ ಇಲ್ಲ, ಬೆಂಕಿ ಕಂಡ್ರ ಸಿಡೀತೈತಿ. ಅದಕ್ಕ ದೀಪಾ ತೋರಿಸಿದ್ರ ದೀಪಾ ಆರೂದಿಲ್ಲ, ನಾವ ಆರ್ತೇವಿ. ಅದಕ್ಕ ಇಲ್ಲಿ ಕಂದೀಲ ಮರೀರಿ. ಇಲ್ಲಿ ಗಾಳಿ ನೋಡೂದು ಈ ಯಂತ್ರ.’ ಕೊರಳಿಗೆ ಹಾಕಿಕೊಂಡಿದ್ದ ಅನಿಲ ಅಳೆಯುವ ಯಂತ್ರವನ್ನು ಎತ್ತಿ ತೋರಿಸಿದೆ.

ಕಾಕಾ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ‘ದೀಪಾ ಆರೂದು ನಾ ಕಣ್ಣಾರೆ ಕಂಡೇನಿ. ಇದು ಕೆಟ್ಟು ಸುಮ್ಮನ ಕುಂತ್ರ?’

‘ಕೆಡೂದಿಲ್ಲ. ದಿನಾ ಪರೀಕ್ಷಾ ಮಾಡ್ತೇವಿ.’

‘ದೀಪಾ ಸುಳ್ಳ ಹೇಳೂದಿಲ್ಲ ಯವ್ವಾ’ ಅಂದ.

‘ಕಾಕಾ, ಇಲ್ಲಿ ದೀಪಾ ಹೇಳೂದು ಕೇಳಾಕ ಯಾರೂ ಉಳಿಯೂದಿಲ್ಲ’ ಎಂದು ಗದರಿಸಿದೆ. ಅವನು ಪಕ್ಕದಲ್ಲಿ ನಿಂತ ಅಳಿಯನ ಮುಖ ನೋಡಿದ. ಅಳಿಯ ಮುದ್ದೇಬಿಹಾಳ ತಾಲೂಕಿನ ತಂಗಡಗಿ ಕಡೆಯವನು, ಗಟ್ಟಿಮುಟ್ಟಾದ, ಮಾತು ಕಡಿಮೆಯ ಹುಡುಗ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕೃಷ್ಣೆಯ ದಂಡೆಯಲ್ಲಿ ನೆಮ್ಮದಿಯಾಗಿದ್ದವನನ್ನು ಈ ಕೆಲಸಕ್ಕೆ ಎಳೆದು ತಂದವನು ಕಾಕಾನೇ. ‘ಇಂವಂಗ ಏನರ ಆದ್ರ ಮಗಳ ಮುಂದ ಹೆಂಗ ನಿಂದರ್ಲಿ?’ ಎಂದು ನನ್ನೆದುರು ಎಷ್ಟೋ ಸಲ ಅಂದಿದ್ದ. ಇಡೀ ಪಾಳಿ ಅವನ ಕಣ್ಣು ಅಳಿಯನ ಮೇಲೆಯೇ ಇರುತ್ತಿತ್ತು.

ಸರ್ಕಾರ ಗಣಿ ಮುಚ್ಚುವಾಗ ಒಂದು ಹಳೆಯ ಭಾಗಕ್ಕೆ ಇಟ್ಟಿಗೆ ಗೋಡೆ ಕಟ್ಟಿ ಹೋಗಿತ್ತು. ಗೋಡೆಯಾಚೆ ಕಲ್ಲಿದ್ದಲಿನ ಕಂಬಗಳು ಹಾಗೇ ನಿಂತಿದ್ದವು. ಕೊರೆಯುವ ಕೆಲಸವಿಲ್ಲ, ಗೋಡೆ ಒಡೆದರೆ ಕಂಬಗಳನ್ನು ಕಡಿದು ತುಂಬುವುದಷ್ಟೇ. ಹೊಸ ಕಂಪನಿಯ ಕಣ್ಣು ಅದರ ಮೇಲೆ ಬಿತ್ತು. ಆದರೆ ಅಷ್ಟು ವರ್ಷ ಮುಚ್ಚಿದ ಜಾಗದಲ್ಲಿ ಎಂಥ ಗಾಳಿ ತುಂಬಿದೆ, ನೀರು ನಿಂತಿದೆಯೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅದನ್ನು ತೆರೆಯಲು ಒಂದು ಕ್ರಮವಿದೆ. ಗೋಡೆಯಲ್ಲಿ ಕೂರಿಸಿದ ಕೊಳವೆಯಿಂದ ಒಳಗಿನ ಗಾಳಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು. ಸರ್ಕಾರದ ಸುರಕ್ಷತೆ ಇನ್‌ಸ್ಪೆಕ್ಟರ್ ಒಪ್ಪಬೇಕು. ತರಬೇತಿಯಾದ ರಕ್ಷಣಾ ತಂಡ ನಿಂತಿರಬೇಕು. ಉಳಿದವರೆಲ್ಲ ಗಣಿಯಿಂದ ಹೊರಗಿರಬೇಕು.

ಮ್ಯಾನೇಜರ್ ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರೇನಲ್ಲ. ಫೋನು ಬಡಿದುಕೊಂಡರೆ ಎದ್ದು ನಿಂತು ಮಾತಾಡುವ ಸ್ವಭಾವ. ‘ನಾಳೆ ನಿಮ್ಮ ಗುಂಪಿನಿಂದ ಗೋಡೆ ಒಡೆಸಿ’ ಅಂದರು.

‘ಗಾಳಿ ಪರೀಕ್ಷೆಯ ಫಲಿತಾಂಶ ಎಲ್ಲಿ ಸರ್?’

‘ಬರುತ್ತಿದೆ. ಎಲ್ಲ ಸರಿಯಾಗಿದೆಯಂತೆ, ಮೇಲಿನಿಂದ ಹೇಳಿದ್ದಾರೆ.’

‘ಮೇಲಿನಿಂದ ಅಂದರೆ ಯಾರು?’

ಅವರು ಯಾರ ಹೆಸರನ್ನೂ ಹೇಳಲಿಲ್ಲ. ‘ಮಾಲೀಕರ ಕಡೆಯಿಂದ’ ಅಂದರು. ಕಾಕಾ ಮೊದಲ ದಿನ ಕೇಳಿದ ಪ್ರಶ್ನೆ ನನಗೆ ಆಗ ಸರಿಯಾಗಿ ನಾಟಿತು. ಕಾನೂನಿನ ಪುಸ್ತಕದಲ್ಲಿ ಮಾಲೀಕ, ಮಾಲೀಕನ ಪರವಾಗಿ ನಿಲ್ಲುವ ಏಜೆಂಟ್, ಮ್ಯಾನೇಜರ್ ಎಂದು ಮೂವರ ಹೊಣೆ ಬರೆದಿದೆ. ಮೂವರಲ್ಲಿ ನನ್ನೆದುರು ಸಿಕ್ಕವರು ಇವರೊಬ್ಬರೇ, ಇವರಿಗೂ ಒಳಗಿನ ಗಾಳಿ ಗೊತ್ತಿಲ್ಲ. ‘ಫಲಿತಾಂಶ ಕಣ್ಣಾರೆ ನೋಡದೆ, ಇನ್‌ಸ್ಪೆಕ್ಟರ್ ಒಪ್ಪದೆ ನನ್ನ ಪಾಳಿಯಲ್ಲಿ ಒಂದು ಇಟ್ಟಿಗೆಯೂ ಅಲುಗುವುದಿಲ್ಲ’ ಎಂದೆ. ಅವರು ಹಣೆ ಒರೆಸಿಕೊಂಡು, ಹಾಗಾದರೆ ಗೋಡೆಯ ಈಚೆ ಬಿದ್ದ ಕಲ್ಲು ಮಣ್ಣನ್ನಾದರೂ ತೆಗೆಸಿ, ಊರುಗೋಲು ತಂದಿಡಿಸಿ ಅಂದರು. ಅದಕ್ಕೆ ಒಪ್ಪಿಕೊಂಡೆ.

ಮರುದಿನ ಮಬ್ಬು ಮೋಡ. ಗುಂಪನ್ನು ಗೋಡೆಯ ಬುಡಕ್ಕೆ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ಇದರ ಆಕಡೆ ಏನ ಐತಿ ಅನ್ನೂದು ನನಗ ಗೊತ್ತಿಲ್ಲ, ಮ್ಯಾನೇಜರಗೂ ಗೊತ್ತಿಲ್ಲ. ಗೊತ್ತಾಗೂತನಕ ಗ್ವಾಡಿ ಮುಟ್ಟಬ್ಯಾಡ್ರಿ. ಈಚೆ ಕಡೆ ಹಸನ ಮಾಡ್ರಿ, ಸಾಕು.’ ಗೋಡೆಯ ಹತ್ತಿರ ಯಂತ್ರ ಹಿಡಿದು ನೋಡಿದೆ, ಸುಮ್ಮನಿತ್ತು. ಪಕ್ಕದ ಓಣಿಯ ಮಾಳಿಗೆ ನೋಡಿ ಬರಲು ಹೋದೆ.

ಮಾಳಿಗೆ ತಟ್ಟುತ್ತಿದ್ದಾಗ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಸದ್ದು ಕೇಳಿಸಿತು. ಗುದ್ದಲಿಯ ಸದ್ದಲ್ಲ. ಓಡಿ ಬಂದೆ. ಉಳಿದವರು ದೂರದಲ್ಲಿ ಕಲ್ಲು ಎತ್ತುತ್ತಿದ್ದರು. ಕಾಕಾ ಒಬ್ಬನೇ ಗೋಡೆಯ ಬಳಿ ಊರುಗೋಲುಗಳ ರಾಶಿ ಹತ್ತಿ ನಿಂತಿದ್ದ. ಗಾಳಿ ಹಿಡಿಯುವ ಕೊಳವೆಯ ಮುಚ್ಚಳ ತಿರುಗಿಸಿ ತೆಗೆದಿದ್ದ. ಕೊಳವೆ ಹುಸ್ ಎನ್ನುತ್ತಿತ್ತು. ಹೊರಗೆ ಮೋಡ ಕವಿದು ಗಾಳಿಯ ಒತ್ತಡ ಇಳಿದ ದಿನ ಮುಚ್ಚಿದ ಗೋಡೆಗಳು ಹೀಗೆ ಒಳಗಿನ ಗಾಳಿಯನ್ನು ಹೊರಗೆ ದೂಡುತ್ತವೆ. ಕಾಕಾನ ಒಂದು ಕೈಯಲ್ಲಿ ಕೋಲಿಗೆ ಸುತ್ತಿದ ಎಣ್ಣೆ ಬತ್ತಿ, ಇನ್ನೊಂದು ಕೈಯಲ್ಲಿ ಕಡ್ಡಿಪೆಟ್ಟಿಗೆ. ರೊಟ್ಟಿಯ ಗಂಟಿನೊಳಗೆ ಬಚ್ಚಿಟ್ಟು ತಂದಿದ್ದ. ಗೇಟಿನಲ್ಲಿ ತಪಾಸಣೆ ಮಾಡುವ ಕಾವಲುಗಾರನೂ ಈಗ ಗುತ್ತಿಗೆಯವನು, ರೊಟ್ಟಿ ಬಿಚ್ಚಿ ನೋಡುವಷ್ಟು ಪುರುಸೊತ್ತು ಅವನಿಗೆಲ್ಲಿ.

ನಾನು ಹತ್ತಿರವಾಗುತ್ತಿದ್ದಂತೆ ಕೊರಳಲ್ಲಿದ್ದ ಯಂತ್ರ ಕುಂಯ್ ಕುಂಯ್ ಎಂದು ಬಡಿದುಕೊಳ್ಳತೊಡಗಿತು.

ಕೂಗಿದರೆ ಅವನು ಬೆಚ್ಚಿ ಕಡ್ಡಿ ಗೀರಿಯಾನು, ಕೈಗೆ ಕೈ ಹಾಕಿದರೂ ಗೀರಿಯಾನು. ‘ಕಾಕಾ’ ಅಂದೆ. ನನ್ನ ದನಿ ಅಷ್ಟು ಮೆತ್ತಗೆ ಎಂದೂ ಬಂದದ್ದಿಲ್ಲ. ‘ಕಾಕಾ, ಮುಷ್ಟಿ ಗಟ್ಟಿ ಹಿಡಿ. ಬಿಚ್ಚಬ್ಯಾಡ. ಹಂಗ ನಿಂದರು.’

ಅವನು ತಿರುಗಿ ನೋಡಿದ. ಕಣ್ಣಲ್ಲಿ ತಪ್ಪು ಮಾಡಿದವನ ಅಂಜಿಕೆಯೇ ಇರಲಿಲ್ಲ. ‘ನೀನ ಅಂದಿ ಯವ್ವಾ, ಯಾರಿಗೂ ಗೊತ್ತಿಲ್ಲ ಅಂತ. ನಾಳೆ ಇಂವನ್ನ ಒಳಗ ಕಳಿಸವ್ರು. ದೀಪಾ ತೋರಸದ ನನ್ನ ಅಳಿಯನ್ನ ಹೆಂಗ ಬಿಡ್ಲಿ?’

‘ಯಂತ್ರ ಒದರಾಕತ್ತೈತಿ, ಕೇಳಾಕತ್ತಿಲ್ಲೇನು? ಕಡ್ಡಿ ಗೀರಿದ್ರ ನಿನ್ನ ಅಳಿಯನೂ ಇಲ್ಲ, ನಾನೂ ಇಲ್ಲ. ಕೆಳಗ ಇಳಿ.’

ಅವನು ಯಂತ್ರ ನೋಡಿದ, ಕೊಳವೆ ನೋಡಿದ. ಆಮೇಲೆ ಮುಷ್ಟಿ ಬಿಗಿಹಿಡಿದುಕೊಂಡೇ ಮೆಲ್ಲಗೆ ಕೆಳಗಿಳಿದ. ನಾನು ರಾಶಿ ಹತ್ತಿ ಮುಚ್ಚಳ ತಿರುಗಿಸಿ ಬಿಗಿ ಮಾಡಿದೆ. ಎಲ್ಲರನ್ನೂ ಕೂಗಿ, ಹಾರೆ ಗುದ್ದಲಿ ಇದ್ದಲ್ಲೇ ಬಿಡಿಸಿ, ಇಳಿಜಾರು ಹತ್ತಿಸಿ ಹೊರಗೆ ತಂದೆ. ಬಿಲ್ಲೆಗಳನ್ನು ಎಣಿಸಿ ಎಲ್ಲರೂ ಬಂದದ್ದನ್ನು ನೋಡಿಕೊಂಡೆ. ಕಾಕಾನ ಬೆರಳುಗಳನ್ನು ಅಳಿಯ ಒಂದೊಂದಾಗಿ ಬಿಡಿಸಿ ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗೆ ಕೊಟ್ಟ. ನನಗೆ ಆ ಮುದುಕನ ಕಪಾಳಕ್ಕೆ ಎರಡು ಬಾರಿಸಬೇಕು ಅನ್ನಿಸಿತು. ಅಪ್ಪಿಕೊಂಡು ಅಳಬೇಕೆಂದೂ ಅನ್ನಿಸಿತು. ಎರಡೂ ಮಾಡಲಿಲ್ಲ.

ಮ್ಯಾನೇಜರ್ ಸುದ್ದಿ ಕೇಳಿ ಮೊದಲು ಬಿಳಿಚಿಕೊಂಡರು. ಆಮೇಲೆ ಅವರ ಮುಖದಲ್ಲಿ ಒಂದು ಬಗೆಯ ನಿರಾಳ ಕಂಡಿತು. ‘ಗುತ್ತಿಗೆ ಕೂಲಿಯೊಬ್ಬ ಕಡ್ಡಿಪೆಟ್ಟಿಗೆ ತಂದಿದ್ದ, ಹಿಡಿದಿದ್ದೇವೆ. ಇಷ್ಟೇ ಬರೆಯಿರಿ’ ಅಂದರು. ಒತ್ತಾಯ ಯಾರದು, ಗೋಡೆಯಾಚೆ ಏನಿದೆ, ಯಾವುದೂ ಅದರಲ್ಲಿ ಇರುವುದಿಲ್ಲ. ಎಲ್ಲವನ್ನೂ ಆ ಮುದುಕನ ತಲೆಗೆ ಕಟ್ಟಿ ಮೇಲಿನವರು ಕೈ ತೊಳೆದುಕೊಳ್ಳಬಹುದು.

ಸಂಜೆ ಕೂಲಿಯವರ ಬಿಡಾರಕ್ಕೆ ಹೋದರೆ ಅಲ್ಲಿ ಇನ್ನೊಂದು ಮಾತು ಕಾದಿತ್ತು. ‘ಅಕ್ಕಾರ, ಕಡ್ಡಿಪೆಟಗಿ ಒಗದುಬಿಡ್ರಿ. ನಾವ್ಯಾರೂ ನೋಡಿಲ್ಲ. ಮಾವನ ಹೆಸರು ತೆಗೀಬ್ಯಾಡ್ರಿ’ ಎಂದು ಅಳಿಯ ಕೈ ಮುಗಿದ. ಇಂಡಿಯವನು, ‘ಊರ ಮನಿಯವ್ರು ಅಂತ ನಿಮ್ಮನ್ನ ನಂಬೇವಿ’ ಅಂದ.

ನಾನು ಅವರ ನಡುವೆ ಕೂತು ಬಿಡಿಸಿ ಹೇಳಿದೆ. ಗೋಡೆಯಾಚೆ ಬೆಂಕಿ ಹಿಡಿಯುವ ಗಾಳಿ ತುಂಬಿದೆ ಅನ್ನುವುದಕ್ಕೆ ನನ್ನ ಯಂತ್ರವೇ ಸಾಕ್ಷಿ. ಅದನ್ನು ಇನ್‌ಸ್ಪೆಕ್ಟರ್‌ಗೆ ಹೇಳದಿದ್ದರೆ ಇನ್ನೆರಡು ದಿನಕ್ಕೆ ಬೇರೆ ಯಾವುದೋ ಪಾಳಿಯವರಿಂದ ಗೋಡೆ ಒಡೆಸುತ್ತಾರೆ. ಹೇಳಿದರೆ, ಕೊಳವೆಯ ಮುಚ್ಚಳ ಯಾರು ತೆಗೆದರು, ಯಾಕೆ ತೆಗೆದರು ಅನ್ನುವುದೇ ಮೊದಲ ಪ್ರಶ್ನೆ. ಅಲ್ಲಿ ಒಂದು ಸುಳ್ಳು ಹೇಳಿದರೆ ಉಳಿದ ನಿಜವನ್ನೂ ಕಂಪನಿಯವರು ಸುಳ್ಳು ಮಾಡುತ್ತಾರೆ. ‘ಕಾಕಾನ ಹೆಸರೂ ಬರೀತೇನಿ, ಗ್ವಾಡಿ ಒಡೀರಿ ಅಂದದ್ದೂ ಬರೀತೇನಿ. ಒಂದು ಬರದು ಒಂದು ಬಿಡೂದಿಲ್ಲ.’

‘ಮಾವನ ಕೆಲಸ ಹೋಗ್ತೈತ್ರಿ’ ಅಂದ ಅಳಿಯ.

‘ಹೋಗ್ತೈತಿ.’

‘ಕೇಸೂ ಆದೀತು.’

‘ಆಗದಂಗ ನಾ ನೋಡ್ತೇನಿ. ಕೆಲಸ ಉಳಸಾಕ ಮಾತ್ರ ನನ್ನಿಂದ ಆಗೂದಿಲ್ಲ. ಕಡ್ಡಿಪೆಟಗಿ ಒಯ್ದವರನ್ನ ಒಳಗ ಬಿಡಾಕ ಬರೂದಿಲ್ಲ, ಅಂವಾ ನಮ್ಮಪ್ಪ ಆದ್ರೂ ಅಷ್ಟ.’

ಅಲ್ಲಿಯವರೆಗೆ ಮೂಲೆಯಲ್ಲಿ ಮೊಣಕಾಲು ಕಟ್ಟಿ ಕೂತಿದ್ದ ಕಾಕಾ ಎದ್ದ. ‘ಜೀವಾ ಉಳಸಾಕ ದೀಪಾ ಒಯ್ದೆ. ಕಳ್ಳನಂಗ ಬರದು ಕೊಡ್ತಾಳಂತ. ಇವತ್ತಿನಿಂದ ಈಕಿ ಜೋಡಿ ನನಗ ಮಾತಿಲ್ಲ’ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ ಹೊರಗೆ ನಡೆದ. ನನಗೆ ಕಣ್ಣೀರು ಬಂತು. ಆದರೂ ಕೋಣೆಗೆ ಹೋಗಿ ಬರೆದೆ. ಬರೆದದ್ದಕ್ಕೆ ಆಗಲೂ ಪಶ್ಚಾತ್ತಾಪ ಪಡಲಿಲ್ಲ, ಈಗಲೂ ಪಡುವುದಿಲ್ಲ. ಸರ್ಕಾರದ ಇನ್‌ಸ್ಪೆಕ್ಟರ್‌ಗೂ ಮ್ಯಾನೇಜರ್‌ಗೂ ಒಂದೇ ಮಾತನ್ನು ಕಳಿಸಿದೆ.

ಇನ್‌ಸ್ಪೆಕ್ಟರ್ ಬಂದರು. ಕೊಳವೆಯಿಂದ ಗಾಳಿ ಹಿಡಿಸಿದರು. ನನ್ನ ಯಂತ್ರ ಹೇಳಿದ್ದೇ ನಿಜವಾಗಿತ್ತು. ಕ್ರಮವಾಗಿ ಗಾಳಿ ತೆಗೆದು ಸುರಕ್ಷಿತ ಮಾಡುವವರೆಗೆ ಗೋಡೆ ಮುಟ್ಟುವಂತಿಲ್ಲ ಎಂದು ಆದೇಶವಾಯಿತು. ಗೋಡೆ ಒಡೆಯಲು ಹೇಳಿದವರು ಯಾರು ಎಂದು ಅವರು ಕೇಳಿದಾಗ ಗುತ್ತಿಗೆದಾರ ಮ್ಯಾನೇಜರನ್ನು ತೋರಿಸಿದ, ಮ್ಯಾನೇಜರ್ ಏಜೆಂಟನ್ನು ತೋರಿಸಿದರು, ಏಜೆಂಟ್ ಫೋನು ತೋರಿಸಿದ. ಇನ್‌ಸ್ಪೆಕ್ಟರ್ ಆ ಫೋನಿನಿಂದಲೇ ಮಾತಾಡಿ, ಮಾಲೀಕರ ಕಡೆಯಿಂದ ಹೆಸರು, ಸಹಿ ಇರುವ ಒಬ್ಬ ಮನುಷ್ಯ ಬಂದು ನಿಲ್ಲಬೇಕೆಂದು ಖಡಕ್ಕಾಗಿ ಹೇಳಿದರು. ಒಂದು ವಾರದ ಮೇಲೆ ಇಸ್ತ್ರಿ ಅಂಗಿಯ ಒಬ್ಬರು ಬಂದರು. ನಾನು ಅವರ ತಲೆಗೆ ದೀಪದ ಟೊಪ್ಪಿಗೆ ಹಾಕಿಸಿ ಗೋಡೆಯ ತನಕ ಕರೆದುಕೊಂಡು ಹೋದೆ. ಗೋಡೆಗೆ ಕಿವಿಗೊಟ್ಟು ಕೇಳಲು ಹೇಳಿದೆ. ಮರಳಿ ಹತ್ತಿದ ಮೇಲೆ ಅವರು ಇನ್‌ಸ್ಪೆಕ್ಟರ್ ಆದೇಶದ ಕೆಳಗೆ ಹೆಸರು ಬರೆದು ಸಹಿ ಹಾಕಿದರು. ಗೋಡೆ ಇವತ್ತಿಗೂ ಹಾಗೇ ನಿಂತಿದೆ.

ಕಾಕಾನ ಮೇಲೆ ಕೇಸಾಗಲಿಲ್ಲ. ಅವನ ಉದ್ದೇಶ ಏನಿತ್ತೆಂದು ನಾನು ಇನ್‌ಸ್ಪೆಕ್ಟರ್ ಎದುರು ಹಗೇವಿನಿಂದ ಹಿಡಿದು ಹೇಳಿದ್ದೆ. ಕೆಲಸ ಹೋಯಿತು. ಅವನು ರೈಲು ಹತ್ತಿದ ದಿನ ಅಳಿಯನೂ ಗಂಟು ಕಟ್ಟಿದ್ದ. ಕಾಕಾ ಅವನನ್ನು ಗದರಿಸಿ ಅಲ್ಲೇ ಬಿಟ್ಟು ಹೋದ. ಮನೆಯಲ್ಲಿ ಮಗಳು ಬಸುರಿ, ಇಬ್ಬರೂ ಖಾಲಿ ಕೈಯಲ್ಲಿ ಕೂರುವುದು ಬೇಡ ಅಂದನಂತೆ. ಗುಂಪಿನವರು ಬಹಳ ದಿನ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ನಾನೂ ಮುಖ ಗಂಟಿಕ್ಕಿಕೊಂಡೇ ಇದ್ದೆ. ಆದರೆ ಒಂದು ಮಾತು ಹೇಳಬೇಕು. ಆ ದಿನದಿಂದ ಅವರು ರೊಟ್ಟಿಯ ಗಂಟನ್ನು ತಾವೇ ಗೇಟಿನಲ್ಲಿ ಬಿಚ್ಚಿ ತೋರಿಸುತ್ತಾರೆ. ಕಾವಲುಗಾರ ಬೇಡ ಅಂದರೂ ಬಿಡುವುದಿಲ್ಲ.

ಈಗ ಕೆಲವು ತಿಂಗಳ ಹಿಂದೆ ರಜೆಯಲ್ಲಿ ಊರಿಗೆ ಬಂದಿದ್ದೆ. ಅದೇ ಹೊತ್ತಿಗೆ ಗಣಿಯಲ್ಲಿ ಒಂದು ಸುದ್ದಿ ಹಬ್ಬಿತ್ತು. ನಮ್ಮ ಗುಂಪು ಒಂದೇ ಪಾಳಿಯಲ್ಲಿದ್ದರೆ ತಂಟೆ ಜಾಸ್ತಿ, ಒಡೆದು ಮೂರು ಪಾಳಿಗೂ ಹಂಚುತ್ತಾರಂತೆ ಎಂದು. ಮನಗೂಳಿಯಲ್ಲಿ ಎರಡು ದಿನ ಕೂತಿದ್ದೆ. ಮೂರನೆಯ ದಿನ ಅವ್ವನಿಗೂ ಹೇಳದೆ ಸಿಂದಗಿ ಬಸ್ಸು ಹತ್ತಿದೆ. ಕಾಕಾ ಬೈದರೆ ಬೈಸಿಕೊಳ್ಳೋಣ, ನಾನೂ ಬೈಯೋಣ ಎಂದು ತಯಾರಾಗಿಯೇ ಹೋದೆ.

ಕಾಕಾ ಪಡಸಾಲೆಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ನನ್ನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದ. ಅಡುಗೆ ಮನೆಯಿಂದ ಮಗಳು ಬಂದು ‘ಬರ್ರಿ ಅಕ್ಕಾರ’ ಎಂದು ಚಾಪೆ ಹಾಸಿದಳು.

‘ಕೇಳವಾ ಆಕಿಗೆ, ಚಾ ಕುಡೀತಾಳೇನು ಅಂತ’ ಎಂದು ಕಾಕಾ ಗೋಡೆಗೆ ಹೇಳಿದ.

ಮಗಳು ನಗು ತಡೆದುಕೊಂಡು ನನ್ನ ಮುಖ ನೋಡಿದಳು. ‘ಕುಡೀತೇನಿ ಅಂತ ಹೇಳವಾ’ ಅಂದೆ. ಹಾಗೆಯೇ ನಡೆಯಿತು ಆ ಮಧ್ಯಾಹ್ನವೆಲ್ಲ. ಊಟ ಮಾಡುತ್ತಾಳೇನು ಕೇಳು, ಮಾಡುತ್ತೇನೆ ಅನ್ನು. ಶೇಂಗಾ ಹಿಂಡಿ ಹಾಕು, ಸಾಕು ಅನ್ನು. ಅಳಿಯ ತೆಳ್ಳಗಾಗಿದ್ದಾನೋ ಕೇಳು, ದಪ್ಪ ಆಗಿದ್ದಾನೆ ಅನ್ನು. ಮಗಳು ಇಬ್ಬರ ನಡುವೆ ತಿರುಗಿ ತಿರುಗಿ ಸುಸ್ತಾದಳು. ಅಷ್ಟು ಸಿಟ್ಟಿನ ಮನೆಯಲ್ಲಿ ನಾನು ಅಷ್ಟು ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು.

ಹೊರಟಾಗ ‘ಕಾಕಾ, ಬರ್ತೇನಿ’ ಅಂದೆ. ಕೂಸಿನ ಗಲ್ಲ ಮುಟ್ಟಿ, ಚಪ್ಪಲಿ ಮೆಟ್ಟಿ ರಸ್ತೆಗೆ ಬಂದೆ. ಬಸ್ಸು ನಿಲ್ಲುವ ಬೇವಿನ ಮರದ ಹತ್ತಿರ ಬಂದಾಗ ಹಿಂದಿನಿಂದ ‘ಏ, ನಿಂದರು’ ಎಂದು ದನಿ ಕೇಳಿತು. ಕಾಕಾ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತ ಬಂದು, ನನ್ನಿಂದ ಒಂದು ಮಾರು ದೂರ ನಿಂತ.

‘ಸಿಟ್ಟ ಹೋಗಿಲ್ಲ ನಂದು’ ಅಂದ. ‘ಹೋಗೂದೂ ಇಲ್ಲ.’

‘ಗೊತ್ತೈತಿ.’

‘ಗುಂಪ ಒಡೀತಾರಂತ. ಅಳಿಯನ್ನ ಬ್ಯಾರೆ ಪಾಳಿಗೆ ಹಾಕ್ತಾರಂತ.’

‘ಹಂಗ ಸುದ್ದಿ ಐತಿ.’

‘ಹಾಕಗೊಡಬ್ಯಾಡ. ಜಗಳಾಡು, ಏನರ ಮಾಡು. ಅಂವನ್ನ ನಿನ್ನ ಪಾಳಿಯೊಳಗ ಇಟಗೋ.’

‘ಜಗಳಾಡ್ತೇನಿ ಕಾಕಾ’ ಅಂದೆ.

ಅವನು ತಿರುಗಿ ಮನೆಯ ಕಡೆ ನಾಲ್ಕು ಹೆಜ್ಜೆ ನಡೆದ. ಆಮೇಲೆ ನಿಂತು, ತಿರುಗದೆಯೇ, ‘ಅಂವಾ ಎಂದರ ಕಡ್ಡಿಪೆಟಗಿ ಒಯ್ದಾ ಅಂದ್ರ’ ಅಂದ.

‘ಒಯ್ದಾ ಅಂದ್ರ?’

‘ಅವನ ಹೆಸರೂ ಬರದು ಕೊಡು.’